ನೀಲಿ ತುದಿಯ ಕೇಬಲ್ ಮತ್ತು ‘ಥ’ದ ಹೊಟ್ಟೆಯೊಳಗಿನ ಚುಕ್ಕೆ

‘ಅರ್ಥ’ ಮತ್ತು ‘ಅರ್ಧ’ ಎಂಬ ಪದಗಳ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಎಷ್ಟು ಚಿಕ್ಕದೆಂದು ಕನ್ನಡದ ಕರಡು ತಿದ್ದುವವರಿಗೆಲ್ಲ ಗೊತ್ತು. ‘ಥ’ದ ಹೊಟ್ಟೆಯೊಳಗಿನ ಒಂದು ಚುಕ್ಕೆ, ಅಷ್ಟೆ. ಅಂಥ ಚುಕ್ಕೆಗಳನ್ನೂ ಸೀಳುಗಳನ್ನೂ ಒತ್ತಕ್ಷರಗಳನ್ನೂ ದಿನವಿಡೀ ಪರದೆಯ ಮೇಲೆ ಹುಡುಕುವುದೇ ನನ್ನ ಕೆಲಸ. ಸುಮಾರು ಎರಡು ವರ್ಷ ಆ ಚುಕ್ಕೆ ನನಗೆ ಮಸುಕಾಗಿಯೇ ಕಾಣುತ್ತಿತ್ತು. ಕನ್ನಡಕದ ನಂಬರು ಬದಲಾಗಿರಬೇಕೆಂದು ಕಣ್ಣಿನ ಪರೀಕ್ಷೆ ಮಾಡಿಸಿದೆ. ನಂಬರು ಹಾಗೆಯೇ ಇತ್ತು. ಕೊನೆಗೆ ತಿಳಿದದ್ದೇನೆಂದರೆ, ಹೊಸ ಮಾನಿಟರ್ ಜೋಡಿಸಲು ಬಂದಿದ್ದವರು ಹಳೆಯದಕ್ಕೆ ಬಳಸುತ್ತಿದ್ದ ನೀಲಿ ತುದಿಯ ವಿಜಿಎ ಕೇಬಲನ್ನೇ ಇದಕ್ಕೂ ಸಿಕ್ಕಿಸಿ, ಎರಡು ಬದಿಯ ತಿರುಪು ಬಿಗಿದು ಹೋಗಿದ್ದರು. ಕಂಪ್ಯೂಟರಿನಲ್ಲೂ ಮಾನಿಟರಿನಲ್ಲೂ ಹೊಸ ಬಗೆಯ ಡಿಜಿಟಲ್ ಕೇಬಲಿನ ಎಚ್‌ಡಿಎಂಐ ಪೋರ್ಟ್ ಖಾಲಿ ಬಿದ್ದಿತ್ತು. ಕೇಬಲ್ ಬದಲಿಸಿದ ಕ್ಷಣವೇ ‘ಥ’ದ ಚುಕ್ಕೆ ತನ್ನ ಜಾಗದಲ್ಲಿ ಬಂದು ಕುಳಿತಿತು.

ವಿಜಿಎಯನ್ನು ಹಳೆಯದೆಂಬ ಒಂದೇ ಕಾರಣಕ್ಕೆ ತೆಗಳುವುದು ನ್ಯಾಯವಲ್ಲ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ಅದನ್ನು ತಂದಾಗ ಮಾನಿಟರ್ ಎಂದರೆ ಗಾಜಿನ ಪಿಕ್ಚರ್ ಟ್ಯೂಬ್. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದು ತಂತಿ. ಪ್ರತಿಯೊಂದರಲ್ಲೂ 0ಯಿಂದ 0.7 ವೋಲ್ಟಿನವರೆಗೆ ಏರಿಳಿಯುವ ವಿದ್ಯುತ್ತು. ವೋಲ್ಟೇಜು ಏರಿದಷ್ಟೂ ಎಲೆಕ್ಟ್ರಾನುಗಳ ಧಾರೆ ಪ್ರಬಲವಾಗಿ, ಪರದೆಯ ಆ ಜಾಗ ಹೆಚ್ಚು ಬೆಳಗುತ್ತದೆ. ಟ್ಯೂಬಿಗೆ ಬೇಕಾದದ್ದೇ ಅಂಥ ಏರಿಳಿತ. ಆ ಕಾಲಕ್ಕೆ ಅದು ಸರಿಯಾದ ಜೋಡಿಯೇ ಆಗಿತ್ತು.

ತೊಂದರೆ ಶುರುವಾದದ್ದು ಎಲ್‌ಸಿಡಿ ಬಂದ ಮೇಲೆ. ಕಂಪ್ಯೂಟರಿನೊಳಗೆ ಪರದೆಯ ಚಿತ್ರ ಸಿದ್ಧಪಡಿಸುವ ಗ್ರಾಫಿಕ್ಸ್ ಕಾರ್ಡಿನಲ್ಲಿ ಚಿತ್ರ ಇರುವುದು ಅಂಕಿಗಳ ರೂಪದಲ್ಲಿ, ಎಲ್‌ಸಿಡಿ ಫಲಕಕ್ಕೆ ಬೇಕಾಗಿರುವುದೂ ಅಂಕಿಗಳೇ. ನಡುವೆ ವಿಜಿಎ ಇದ್ದರೆ ಕಾರ್ಡು ಆ ಅಂಕಿಗಳನ್ನು ವೋಲ್ಟೇಜಾಗಿ ಮಾರ್ಪಡಿಸಿ ಕಳುಹಿಸಬೇಕು, ಮಾನಿಟರು ಆ ವೋಲ್ಟೇಜನ್ನು ಅಳೆದು ಮತ್ತೆ ಅಂಕಿಗಳಿಗೆ ಇಳಿಸಬೇಕು. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. ಅವೆಲ್ಲವೂ ಸೆಕೆಂಡಿಗೆ 60 ಬಾರಿ ಹೊಸದಾಗಿ ಬರಬೇಕಾಗಿರುವುದರಿಂದ, ಸಾಲುಗಳ ಮತ್ತು ಚಿತ್ರಗಳ ನಡುವಿನ ಬಿಡುವನ್ನೂ ಕಳೆದರೆ, ಒಂದೊಂದು ಪಿಕ್ಸೆಲ್ಲಿನ ವೋಲ್ಟೇಜು ತಂತಿಯಲ್ಲಿ ನಿಲ್ಲುವುದು 7 ನ್ಯಾನೋಸೆಕೆಂಡಿಗಿಂತ ಕಡಿಮೆ ಹೊತ್ತು. ಮಾನಿಟರು ಸರಿಯಾಗಿ ಅದರ ನಡುವಿನಲ್ಲೇ ಅಳತೆ ತೆಗೆದುಕೊಳ್ಳಬೇಕು. ಆದರೆ ಒಂದು ಸಾಲು ಎಲ್ಲಿ ಶುರುವಾಯಿತು, ಒಂದು ಪೂರ್ತಿ ಚಿತ್ರ ಎಲ್ಲಿ ಶುರುವಾಯಿತು ಎಂಬ ಸೂಚನೆಗಳನ್ನು ಬಿಟ್ಟರೆ, ಪಿಕ್ಸೆಲ್ ಬದಲಾಗುವ ತಾಳವನ್ನು ವಿಜಿಎ ಕೇಬಲ್ ಹೇಳುವುದೇ ಇಲ್ಲ! ಅದನ್ನು ಮಾನಿಟರು ಊಹಿಸಿಕೊಳ್ಳಬೇಕು. ಊಹೆ ತುಸು ಜಾರಿದರೆ ಪಕ್ಕದ ಪಿಕ್ಸೆಲ್ಲಿನ ಬಣ್ಣವೂ ಬೆರೆತು ಅಕ್ಷರದ ಅಂಚು ಹರಡುತ್ತದೆ. ಕೇಬಲ್ ತೆಳುವಾದ ಅಗ್ಗದ್ದಾಗಿದ್ದರೆ ಸಂಕೇತ ಒಳಗೇ ಪ್ರತಿಫಲಿಸಿ, ಅಕ್ಷರದ ಬಲಕ್ಕೆ ಒಂದು ತೆಳು ನೆರಳೂ ಕಾಣಿಸಿಕೊಳ್ಳುತ್ತದೆ.

1999ರಲ್ಲಿ ಬಂದ ಡಿವಿಐ ಎಂಬ ಡಿಜಿಟಲ್ ಸಂಪರ್ಕ ಈ ಊಹೆಗೆ ಕೊನೆ ಹಾಡಿತು. ಅಂಕಿಗಳು ಅಂಕಿಗಳಾಗಿಯೇ ಹೋಗುತ್ತವೆ, ಅವುಗಳ ಜೊತೆಗೆ ತಾಳವೂ ಪ್ರತ್ಯೇಕ ಜೋಡಿ ತಂತಿಯಲ್ಲಿ ಹೋಗುತ್ತದೆ. ಎಚ್‌ಡಿಎಂಐ ಅದೇ ವಿಧಾನದ ಮುಂದುವರಿಕೆ. ಡಿಸ್‌ಪ್ಲೇಪೋರ್ಟ್ ದತ್ತಾಂಶವನ್ನು ಪೊಟ್ಟಣಗಳಾಗಿ ಕಳುಹಿಸುವ ಬೇರೆ ದಾರಿ ಹಿಡಿದಿದೆ. ಕಚೇರಿಯ ಕೆಲಸದ ಮಟ್ಟಿಗೆ ಮೂರರಲ್ಲಿ ಯಾವುದಿದ್ದರೂ ಸಾಕು.

ಕನ್ನಡದಲ್ಲಿ ಓದಿ ಬರೆಯುವವರಿಗೆ ಈ ಬದಲಾವಣೆ ಇನ್ನೂ ಹೆಚ್ಚು ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ‘ಪ’ದೊಳಗೆ ಒಂದು ಗೆರೆ ಎಳೆದರೆ ‘ಷ’, ‘ದ’ದ ಬುಡದಲ್ಲೊಂದು ಸೀಳು ಬಂದರೆ ‘ಧ’. ‘ರಾಷ್ಟ್ರ’ ಎಂಬ ಪದದಲ್ಲಿ ಒಂದು ಅಕ್ಷರದ ಬುಡಕ್ಕೆ ಎರಡು ಒತ್ತುಗಳು ಇಕ್ಕಟ್ಟಾಗಿ ಸೇರುತ್ತವೆ. ಇವೆಲ್ಲ ಪರದೆಯ ಮೇಲೆ ಒಂದೆರಡು ಪಿಕ್ಸೆಲ್ಲಿನ ವಿಷಯ. ಕಂಪ್ಯೂಟರುಗಳು ಅಕ್ಷರದ ಅಂಚನ್ನು ನಯಗೊಳಿಸಲು ಒಂದೇ ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬಳಸುವುದುಂಟು. ಪಿಕ್ಸೆಲ್ ತನ್ನ ಜಾಗ ತಪ್ಪಿದರೆ ಆ ನಯವೇ ಬಣ್ಣದ ಕಲೆಯಾಗುತ್ತದೆ. ಹೀಗಿರುವಾಗ ಡಿಜಿಟಲ್ ಪೋರ್ಟ್ ಖಾಲಿ ಇದ್ದರೂ ವಿಜಿಎ ಸಿಕ್ಕಿಸಿ ಹೋಗುವುದನ್ನು ನಾನು ಸಣ್ಣ ಉದಾಸೀನವೆಂದು ಒಪ್ಪಲಾರೆ. ಆ ಪರದೆಯ ಮುಂದೆ ವರ್ಷಗಟ್ಟಲೆ ಕೂರುವವರ ಕಣ್ಣು ಅದಕ್ಕೆ ಬೆಲೆ ತೆರುತ್ತದೆ.

ದುಬಾರಿ ಎಚ್‌ಡಿಎಂಐ ಕೇಬಲ್ ಕೊಂಡರೆ ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ ಎಂದು ಅಂಗಡಿಯಲ್ಲಿ ಹೇಳಿದರೆ ದಯವಿಟ್ಟು ನಂಬಬೇಡಿ. ಅಂಕಿಗಳು ಸರಿಯಾಗಿ ತಲುಪಿದರೆ ಚಿತ್ರ ಒಂದೇ. ತಲುಪದಿದ್ದರೆ ಪರದೆಯಲ್ಲಿ ಕಿಡಿಗಳಂಥ ಚುಕ್ಕೆಗಳು ಹಾರುತ್ತವೆ, ಇಲ್ಲವೇ ಚಿತ್ರವೇ ಮಾಯವಾಗುತ್ತದೆ. ಎಚ್‌ಡಿಎಂಐಗೆ ಬದಲಿಸಿದ ಮೇಲೆ ಕಪ್ಪು ಬಣ್ಣ ಬೂದಿಯಂತೆ ಕಂಡರೆ ಕೇಬಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಕಂಪ್ಯೂಟರು ಮಾನಿಟರನ್ನು ಟಿವಿ ಎಂದು ತಿಳಿದು, ಕಪ್ಪಿನಿಂದ ಬಿಳಿಯವರೆಗೆ 0ಯಿಂದ 255ರ ಬದಲು 16ರಿಂದ 235ರ ವ್ಯಾಪ್ತಿಯಲ್ಲಿ ಬಣ್ಣ ಕಳುಹಿಸುತ್ತಿರುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ಸಿನಲ್ಲಿ ಅದನ್ನು ‘ಫುಲ್’ ಎಂದು ಬದಲಿಸಿದರೆ ಆಯಿತು.

ಸಭಾಂಗಣದ ಹಳೆಯ ಪ್ರೊಜೆಕ್ಟರಿಗೆ ಎಳೆದ ಉದ್ದನೆಯ ಕೇಬಲಿನಂಥ ಕಡೆ ವಿಜಿಎ ಇನ್ನೂ ಇರಲಿ. ದೂರ ಹೆಚ್ಚಾದಂತೆ ಅದರ ಚಿತ್ರ ಮಂಕಾಗುತ್ತದೆಯೇ ಹೊರತು, ಎಚ್‌ಡಿಎಂಐಯಂತೆ ಒಮ್ಮೆಲೇ ಕೈಕೊಡುವುದಿಲ್ಲ.

ಕಂಪ್ಯೂಟರ್ ತೀರಾ ಹಳೆಯದಾಗಿ, ವಿಜಿಎ ಬಿಟ್ಟರೆ ಬೇರೆ ಪೋರ್ಟೇ ಇಲ್ಲದವರು ಇಷ್ಟಾದರೂ ಮಾಡಿ. ರೆಸಲ್ಯೂಷನ್ ನಿಮ್ಮ ಮಾನಿಟರಿನ ಸಹಜ ಅಳತೆಗೇ, ಅಂದರೆ ಫಲಕದಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆಗೇ ಇರಲಿ. ಆಮೇಲೆ ಸಣ್ಣ ಅಕ್ಷರಗಳು ಅಂಚಿನಿಂದ ಅಂಚಿಗೆ ತುಂಬಿರುವ ಒಂದು ಬಿಳಿ ಪುಟವನ್ನು ಪರದೆ ತುಂಬ ತೆರೆದಿಟ್ಟು, ಮಾನಿಟರಿನ ‘ಆಟೋ’ ಗುಂಡಿ ಒತ್ತಿ. ಕಪ್ಪು ಹಿನ್ನೆಲೆಯ ಡೆಸ್ಕ್‌ಟಾಪ್ ಇಟ್ಟುಕೊಂಡು ಒತ್ತಿದರೆ ಚಿತ್ರದ ಅಂಚು ಎಲ್ಲಿದೆಯೆಂದು ಅದಕ್ಕೆ ತಿಳಿಯುವುದು ಕಷ್ಟ. ಆ ಪುಟದಲ್ಲಿ ‘ಅರ್ಥ’ ಎಂಬ ಪದವೂ ಒಂದೆರಡು ಕಡೆ ಇರಲಿ; ಚುಕ್ಕೆ ಬಿಡಿಸಿಕೊಂಡು ಕಾಣುವವರೆಗೆ, ಮಾನಿಟರು ಅಳತೆ ತೆಗೆಯುವ ಕ್ಷಣವನ್ನು ಹಿಂದೆ ಮುಂದೆ ಸರಿಸುವ, ಮೆನುವಿನಲ್ಲಿರುವ ‘ಫೇಸ್’ ಅಂಕಿಯನ್ನು ಒಂದೊಂದಾಗಿ ಬದಲಿಸಿ ನೋಡಿ.