ಬೆಳ್ಳಿಗೊಂದು ಬೆಳಕು, ಮರಕ್ಕೊಂದು ಬೆಳಕು

ಕೊಡಗಿನ ಕೈಕೆಲಸದ ಸಾಮಾನುಗಳ ಫೋಟೊ ತೆಗೆಯಲು ಒಂದು ಲೈಟ್ ಬಾಕ್ಸ್ (ಒಳಗಿಟ್ಟ ವಸ್ತುವಿನ ಮೇಲೆ ಎಲ್ಲ ಕಡೆಯಿಂದ ಬೆಳಕು ಬೀಳಿಸುವ ಬಿಳಿ ಪೆಟ್ಟಿಗೆ) ಇದ್ದರೆ ಸಾಕು ಎನ್ನುವವರಿದ್ದಾರೆ. ಕಾಫಿ ಮರದ ಕೆತ್ತನೆಗೆ ಅದು ಒಪ್ಪುವುದಿಲ್ಲ. ಎಲ್ಲ ಕಡೆಯಿಂದ ಸಮನಾಗಿ ಬೆಳಕು ಬಿದ್ದರೆ ನೆರಳೇ ಇರದು, ಕೆತ್ತುವ ಉಳಿಯಿಂದ ಮೂಡಿದ ಗೆರೆಗಳು ಮಾಯವಾಗುತ್ತವೆ. ಮರಕ್ಕೆ ಒಂದೇ ಬದಿಯಿಂದ ತಗ್ಗಾಗಿ ಬರುವ ಬೆಳಕು ಬೇಕು. ಎದುರು ಬದಿಗೆ ಬಿಳಿ ಥರ್ಮಾಕೋಲ್ ತುಂಡು ನಿಲ್ಲಿಸಿದರೆ ನೆರಳು ಹದಕ್ಕೆ ಬರುತ್ತದೆ.

ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿಯಾದ ಪೀಚೆಕತ್ತಿಯ ಬೆಳ್ಳಿ ಒರೆಯ ಕಷ್ಟವೇ ಬೇರೆ. ಬಲ್ಬು, ಫೋನು, ನೀವು ತೊಟ್ಟ ಅಂಗಿ ಎಲ್ಲವೂ ಅದರಲ್ಲಿ ಕಾಣುತ್ತವೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬಿನ ಮುಂದೆ ಎ3 ಅಳತೆಯ ಬಟರ್ ಪೇಪರ್ ಕಟ್ಟಿ. ಕಾಗದ ಕತ್ತಿಯಿಂದ ಒಂದು ಗೇಣು ದೂರ, ಬಲ್ಬು ಕಾಗದದಿಂದ ಒಂದೂವರೆ ಅಡಿ ಹಿಂದೆ. ಬಲ್ಬು ಕಾಗದಕ್ಕೆ ತೀರಾ ಹತ್ತಿರವಾದರೆ ಬೆಳ್ಳಿಯ ನಡುವೆ ಬಿಳಿ ಚುಕ್ಕೆ ಎದ್ದು ಕಾಣುತ್ತದೆ. ಒರೆಯ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿಹೋದರೆ, ಎರಡು ಇಂಚು ಅಗಲದ ಕಪ್ಪು ಕಾಗದದ ಪಟ್ಟಿಯನ್ನು ಫ್ರೇಮಿನಾಚೆ ಪಕ್ಕದಲ್ಲೇ ನಿಲ್ಲಿಸಿ. ಅದರ ಪ್ರತಿಬಿಂಬ ಅಂಚಿಗೆ ತೆಳ್ಳನೆಯ ಕಪ್ಪು ಗೆರೆ ಕೊಡುತ್ತದೆ.

ಮಳೆಗಾಲದ ಮಡಿಕೇರಿಯಲ್ಲಿ ಕಿಟಕಿಯ ಬೆಳಕೇ ಬಹಳ ಚೆನ್ನ, ಆದರೆ ಮಂದ. ಆದರೂ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 100ರಲ್ಲೇ ಇರಲಿ. ಶಟರ್ ಹೆಚ್ಚು ಹೊತ್ತು ತೆರೆದಿರುವಾಗ ಫೋಟೊ ಅಲುಗದಂತೆ ಟ್ರೈಪಾಡ್ ಮತ್ತು 2 ಸೆಕೆಂಡಿನ ಟೈಮರ್ ಬಳಸಿ. ಆಗ ಕೋಣೆಯ ಹಳದಿ ಬಲ್ಬನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ಬೆಳ್ಳಿಯ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ. ಬೆಳಕಿನ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಸೆಟ್ಟಿಂಗ್ ಎರಡನ್ನೂ ಒಟ್ಟಿಗೆ ಸರಿಮಾಡಲಾರದು. ಅಗ್ಗದ ಎಲ್‌ಇಡಿಯಿಂದ ಫೋಟೊದಲ್ಲಿ ಅಡ್ಡಪಟ್ಟೆ ಬಂದರೆ ಶಟರ್ ವೇಗವನ್ನು 1/50 ಸೆಕೆಂಡಿಗೆ ಇಳಿಸಿ.