ಸೈಲೆಂಟ್ ಅಂತ ಬರೆದರೆ ಸಾಕಾ? ಅಳೆದು ಹೇಳಿ!

ಮನೆಗೆ ಒಂದು ಚಿಕ್ಕ ಕಂಪ್ಯೂಟರ್ ಬೇಕು. ಸದ್ದು ಮಾಡಬಾರದು. ನನ್ನ ಬೇಡಿಕೆ ಇಷ್ಟೇ. ಗೇಮ್ ಆಡುವುದಿಲ್ಲ. ವಿಡಿಯೊ ಎಡಿಟ್ ಮಾಡುವುದಿಲ್ಲ. ಬ್ರೌಸರ್, ಒಂದಿಷ್ಟು ಬರವಣಿಗೆ, ಮನೆಯವರ ಫೋಟೊಗಳನ್ನೆಲ್ಲ ಒಂದು ಕಡೆ ಇಡುವುದು, ರಾತ್ರಿ ಯಾವಾಗಲಾದರೂ ಒಂದು ಸಿನಿಮಾ. ಯಂತ್ರ ಇಡೀ ದಿನ ಆನ್ ಇರುತ್ತದೆ. ಅದೂ ಮಲಗುವ ಕೋಣೆಯಲ್ಲಿ. ಇಷ್ಟು ಸರಳವಾದ ವಸ್ತು ಆರಿಸಲು ಇಷ್ಟೊಂದು ಗೋಳು ಯಾಕೆ?

ಮಾರುವವರ ಪುಟ ತೆರೆದು ನೋಡಿ. ಯುಎಸ್‌ಬಿ ಪೋರ್ಟ್ ಎಷ್ಟು, ವೈಫೈ ಯಾವ ತಲೆಮಾರಿನದು, ತೂಕ ಎಷ್ಟು ಗ್ರಾಂ, ಉದ್ದ ಅಗಲ ಎಷ್ಟು ಮಿಲಿಮೀಟರ್, ಎಲ್ಲ ಇರುತ್ತದೆ. ಸದ್ದಿನ ವಿಷಯಕ್ಕೆ ಬಂದಾಗ ಮಾತ್ರ 'ಸೂಪರ್ ಸೈಲೆಂಟ್' ಎಂಬ ಎರಡು ಪದ. ಪಕ್ಕದಲ್ಲಿ ನಿದ್ದೆ ಹೋದ ಮಗುವಿನ ಫೋಟೊ. ಅಲ್ಲಿಗೆ ಮುಗಿಯಿತು. ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳಲು ಬರುತ್ತದೆ, ಸದ್ದನ್ನು ಡೆಸಿಬೆಲ್ ಲೆಕ್ಕದಲ್ಲಿ ಹೇಳಲು ಬರುವುದಿಲ್ಲವೇ? ನಾನು ಈ ಡಬ್ಬಿಯನ್ನು ತೂಗಿ ಏನು ಮಾಡಲಿ? ಅದರ ಪಕ್ಕದಲ್ಲಿ ಮಲಗಬೇಕು!

ಕೆಲವರು ಒಂದು ಸಂಖ್ಯೆ ಕೊಡುತ್ತಾರೆ. ಅದು ಇನ್ನೂ ಸಿಟ್ಟು ತರಿಸುತ್ತದೆ. '25 ಡೆಸಿಬೆಲ್‌ಗಿಂತ ಕಡಿಮೆ' ಅಂತ ಇರುತ್ತದೆ. ಎಷ್ಟು ದೂರದಿಂದ ಅಳೆದದ್ದು? ಯಂತ್ರ ಸುಮ್ನೆ ಕೂತಿದ್ದಾಗಲೋ, ಕೆಲಸ ಮಾಡುತ್ತಿದ್ದಾಗಲೋ? ಇದನ್ನು ಹೇಳದ ಸಂಖ್ಯೆಗೆ ಬೆಲೆಯೇ ಇಲ್ಲ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅರ್ಧ ಮೀಟರ್‌ನಲ್ಲಿ 37 ಇರುವ ಯಂತ್ರವನ್ನು 2 ಮೀಟರ್ ಆಚೆ ನಿಂತು ಅಳೆದರೆ 25 ಬರುತ್ತದೆ. ಎರಡೂ ಸುಳ್ಳಲ್ಲ. ಆದರೆ ನನ್ನ ಮೇಜಿನ ಮೇಲಿನ ಯಂತ್ರ ನನ್ನ ಕಿವಿಯಿಂದ ಅರ್ಧ ಮೀಟರ್ ದೂರದಲ್ಲೇ ಇರುತ್ತದೆ. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡು ಪಟ್ಟು ಅನ್ನಿಸುತ್ತದೆ. ಮಲಗುವ ಕೋಣೆಯಲ್ಲಿ ಒಂದೇ ಸಮ ಬರುವ ಸದ್ದು 30 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ಹಾಗಿರುವಾಗ 25ಕ್ಕೂ 37ಕ್ಕೂ ಇರುವ ಅಂತರ ನಿದ್ದೆಗೂ ಎಚ್ಚರಕ್ಕೂ ಇರುವ ಅಂತರ.

ಅಳೆಯುವ ಕ್ರಮವೇ ಇಲ್ಲ ಅಂದುಕೊಳ್ಳಬೇಡಿ. ಕಂಪ್ಯೂಟರ್‌ಗಳ ಸದ್ದನ್ನು ಹೇಗೆ ಅಳೆಯಬೇಕು ಎಂದು ಹೇಳುವ ಅಂತರರಾಷ್ಟ್ರೀಯ ಮಾನದಂಡ ಇದೆ, ಐಎಸ್‌ಒ 7779. ಅಳೆದದ್ದನ್ನು ಹೇಗೆ ಪ್ರಕಟಿಸಬೇಕು ಎನ್ನುವುದಕ್ಕೆ ಐಎಸ್‌ಒ 9296. ಇವೆರಡೂ ದಶಕಗಳಿಂದ ಇವೆ. ಕಚೇರಿಗಳಿಗೆ ಯಂತ್ರ ಮಾರುವ ದೊಡ್ಡ ಕಂಪನಿಗಳು ತಮ್ಮ ಎಷ್ಟೋ ಮಾದರಿಗಳಿಗೆ ಈ ಪ್ರಕಾರವೇ ಸಂಖ್ಯೆ ಕೊಡುತ್ತವೆ. ಸುಮ್ನೆ ಕೂತಾಗ ಇಷ್ಟು, ಡಿಸ್ಕ್ ಓಡುವಾಗ ಇಷ್ಟು ಅಂತ ಕೋಷ್ಟಕವೇ ಇರುತ್ತದೆ. ಅಂದರೆ ಇದು ಮಾಡಬಹುದಾದ ಕೆಲಸ. ಮನೆಯವರಿಗೆ ಮಾರುವಾಗ ಮಾತ್ರ ಮಗುವಿನ ಫೋಟೊ ಸಾಕು ಅಂದುಕೊಂಡಿದ್ದಾರೆ.

ಇನ್ನು ವ್ಯಾಟ್ ವಿಷಯ. ನನಗೆ ಅತಿ ಹೆಚ್ಚು ಕೋಪ ಬರುವುದು ಇಲ್ಲೇ. ಇಂಟೆಲ್‌ನ ಎನ್100 ಚಿಪ್ 2023ರ ಆರಂಭದಲ್ಲಿ ಬಂತು. 4 ಕೋರ್, 6 ವ್ಯಾಟ್. ಮನೆಯ ಸಾಮಾನ್ಯ ಕೆಲಸಕ್ಕೆ ಧಾರಾಳವಾಗಿ ಸಾಕು. 6 ವ್ಯಾಟ್ ಶಾಖವನ್ನು ಸರಿಯಾಗಿ ಮಾಡಿದ ಅಲ್ಯೂಮಿನಿಯಂ ಡಬ್ಬಿ ಫ್ಯಾನ್ ಇಲ್ಲದೆಯೇ ಹೊರಗೆ ಬಿಡಬಲ್ಲದು. ಎಲ್ಲ ಜಾಹೀರಾತಿನಲ್ಲೂ ಈ 6 ವ್ಯಾಟ್ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಆದರೆ ಅದು ಚಿಪ್ ಮಾಡಿದವರ ಲೆಕ್ಕ. ಡಬ್ಬಿ ಮಾಡುವವರು ಬಯೋಸ್‌ನಲ್ಲಿ (ಯಂತ್ರ ಆನ್ ಆದ ಕೂಡಲೇ ಓಡುವ, ಬೋರ್ಡ್ ಒಳಗಿನ ತಂತ್ರಾಂಶದಲ್ಲಿ) ಆ ಮಿತಿಯನ್ನು ತಮಗೆ ಬೇಕಾದ ಹಾಗೆ ಏರಿಸಬಹುದು. ಪಿಎಲ್ ಅಂದರೆ ಪವರ್ ಲಿಮಿಟ್, ಅದೇ ಈ ಮಿತಿ. ಪಿಎಲ್1 ಎಂದರೆ ಚಿಪ್ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದಾದ ವಿದ್ಯುತ್ತು. ಪಿಎಲ್2 ಎಂದರೆ ಸ್ವಲ್ಪ ಹೊತ್ತಿಗೆ ಮಾತ್ರ ಎಳೆಯಬಹುದಾದ ಜಾಸ್ತಿ ವಿದ್ಯುತ್ತು. ಪಿಎಲ್1 ಅನ್ನು 15, 20 ವ್ಯಾಟ್‌ಗೆ ಏರಿಸಿಟ್ಟು, ಪುಟದಲ್ಲಿ ಮಾತ್ರ 6 ಎಂದೇ ಬರೆಯುತ್ತಾರೆ.

ಯಾಕೆ ಏರಿಸುತ್ತಾರೆ? ಬೆಂಚ್‌ಮಾರ್ಕ್‌ನಲ್ಲಿ (ವೇಗದ ಪರೀಕ್ಷೆಯಲ್ಲಿ) ಪಕ್ಕದ ಕಂಪನಿಗಿಂತ ನಾಲ್ಕು ಅಂಕ ಮೇಲೆ ಬರಲಿ ಅಂತ. ಆ ನಾಲ್ಕು ಅಂಕದಿಂದ ನನ್ನ ಬ್ರೌಸರ್‌ಗೆ ಏನೂ ಆಗುವುದಿಲ್ಲ. ಆದರೆ ಆ ಶಾಖವನ್ನೆಲ್ಲ ಹೊರಗೆ ತಳ್ಳಲು ಒಳಗಿರುವ ಅಂಗೈಗಿಂತ ಚಿಕ್ಕ ಫ್ಯಾನ್ ಒದ್ದಾಡಬೇಕು. ದೊಡ್ಡ ಫ್ಯಾನ್ ನಿಧಾನ ತಿರುಗಿಯೂ ಬೇಕಾದಷ್ಟು ಗಾಳಿ ತಳ್ಳುತ್ತದೆ. 40, 50 ಮಿಲಿಮೀಟರಿನ ಫ್ಯಾನ್ ಅಷ್ಟೇ ಗಾಳಿ ತಳ್ಳಬೇಕಾದರೆ ನಿಮಿಷಕ್ಕೆ ಸಾವಿರಾರು ಸುತ್ತು ಹಾಕಬೇಕು. ಆಗ ಬರುವುದು ಗಾಳಿಯ ಮೆತ್ತನೆ ಸದ್ದಲ್ಲ. ಸೊಳ್ಳೆ ಕಿವಿಯ ಹತ್ತಿರ ಬಂದು ಗುಂಯ್‌ಗುಟ್ಟಿದ ಹಾಗೆ ತೆಳ್ಳಗಿನ ಕೂಗು. ಡೆಸಿಬೆಲ್ ಕಡಿಮೆಯಿದ್ದರೂ ತಲೆಯೊಳಗೆ ಕೂತುಬಿಡುತ್ತದೆ.

ಹೆಸರುಗಳ ಗೊಂದಲ ಬೇರೆ. ಎನ್95 ಅಂತ ಇನ್ನೊಂದು ಚಿಪ್ ಇದೆ. ಹೆಸರಿನ ಸಂಖ್ಯೆ ನೋಡಿದರೆ ಎನ್100ಕ್ಕಿಂತ ಚಿಕ್ಕದು, ಹಾಗಾಗಿ ತಣ್ಣಗೆ ಇರುತ್ತದೆ ಅನ್ನಿಸುತ್ತದೆ ಅಲ್ವಾ? ಇಲ್ಲ. ಅದು 15 ವ್ಯಾಟ್. ಎನ್97 ತಗೊಂಡರೆ 12 ವ್ಯಾಟ್. ಈ ಮೂರನ್ನೂ ಒಂದೇ ಪುಟದಲ್ಲಿ, ಒಂದೇ ಫೋಟೊ ಹಾಕಿ, 'ಬಣ್ಣ ಆರಿಸಿ' ಎನ್ನುವ ಹಾಗೆ ಆರಿಸಲು ಬಿಡುತ್ತಾರೆ. ಸದ್ದಿನಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ಒಂದೇ ಒಂದು ಸಾಲು ಇಲ್ಲ.

ನಾನು ತಂದ ಯಂತ್ರದ ಕಥೆ ಹೇಳುತ್ತೇನೆ. ಸುಮ್ನೆ ಕೂತಾಗ ನಿಜಕ್ಕೂ ಸದ್ದಿಲ್ಲ. ಒಂದು ಹೊಸ ಟ್ಯಾಬ್ ತೆರೆದರೆ ಸಾಕು, ಫ್ಯಾನ್ ಎದ್ದು ಕೂಗುತ್ತದೆ. ಪುಟ ತೆರೆದುಕೊಂಡ ಮೇಲೆ ಇಳಿಯುತ್ತದೆ. ಮುಂದಿನ ಕೊಂಡಿ ಒತ್ತಿದರೆ ಮತ್ತೆ ಏರುತ್ತದೆ. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಹೇಗೋ ಒಗ್ಗುತ್ತದೆ. ಏರಿ ಇಳಿಯುವ ಸದ್ದಿಗೆ ಯಾವತ್ತೂ ಒಗ್ಗುವುದಿಲ್ಲ. ಚಿಪ್‌ನ ಬಿಸಿ ಕ್ಷಣದಲ್ಲಿ ಜಿಗಿದು ಕ್ಷಣದಲ್ಲಿ ಇಳಿಯುತ್ತದೆ. ಅದರ ಹಿಂದೆ ಫ್ಯಾನ್ ಓಡಬೇಕಾಗಿಲ್ಲ. ಸ್ವಲ್ಪ ಕಾದು, ಬಿಸಿ ಹಾಗೇ ನಿಂತರೆ ಮಾತ್ರ ನಿಧಾನವಾಗಿ ವೇಗ ಹೆಚ್ಚಿಸು ಎಂದು ಬಯೋಸ್‌ನಲ್ಲಿ ಬರೆದಿಟ್ಟರೆ ಆಯಿತು. ಒಳ್ಳೆಯ ಬೋರ್ಡ್‌ಗಳಲ್ಲಿ ಈ ಸೆಟ್ಟಿಂಗ್ ಇದೆ. ನನ್ನದರಲ್ಲಿ ಫ್ಯಾನ್‌ಗೆ ಸಂಬಂಧಿಸಿದ ಪುಟವನ್ನೇ ತೆಗೆದುಹಾಕಿದ್ದಾರೆ. ಪಿಎಲ್1 ಇಳಿಸೋಣ ಎಂದರೆ ಅದೂ ಇಲ್ಲ. ದುಡ್ಡು ಕೊಟ್ಟವನು ನಾನು, ಯಂತ್ರ ನನ್ನದು, ಅದರ ಫ್ಯಾನ್ ನಿಧಾನ ಮಾಡುವ ಹಕ್ಕು ನನಗಿಲ್ಲ!

ಹೀಗೆ ಹೇಳಿಕೊಂಡರೆ ಎಲ್ಲರೂ ಕೊಡುವ ಸಲಹೆ ಒಂದೇ: 'ಫ್ಯಾನ್ ಇಲ್ಲದ್ದೇ ತಗೋಬೇಕಿತ್ತು.' ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಅಲ್ಲೂ ಮುಚ್ಚಿಡುವುದು ಬೇಕಾದಷ್ಟಿದೆ. ಫ್ಯಾನ್ ಇಲ್ಲ ಎಂದರೆ ಡಬ್ಬಿಯೇ ಹೀಟ್ ಸಿಂಕ್, ಅಂದರೆ ಶಾಖ ಹೀರಿ ಹೊರಗೆ ಬಿಡುವ ಲೋಹ. ಅದು ಭಾರವಾಗಿರಬೇಕು, ಮೈಮೇಲೆ ಏಣುಗಳಿರಬೇಕು, ಚಿಪ್‌ಗೆ ಸರಿಯಾಗಿ ಅಂಟಿಕೊಂಡಿರಬೇಕು. ಸುತ್ತಲೂ ಗಾಳಿ ಆಡಬೇಕು. ಆದರೆ ಜಾಹೀರಾತಿನ ಫೋಟೊದಲ್ಲಿ ಅದನ್ನು ಮಾನಿಟರ್ ಬೆನ್ನಿಗೆ ಸ್ಕ್ರೂ ಹಾಕಿ, ಗೋಡೆಗೆ ಒತ್ತಿ ಇಟ್ಟಿರುತ್ತಾರೆ. ಇಲ್ಲವೇ ಮುಚ್ಚಿದ ಟಿವಿ ಕಪಾಟಿನೊಳಗೆ. ಅಲ್ಲಿಟ್ಟರೆ ಚಿಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಚಿಪ್ ಮಾತ್ರ ಅಲ್ಲ, ಎನ್‌ವಿಎಂಇ ಡಿಸ್ಕ್ (ಫೈಲ್ ಇಡುವ ವೇಗದ ಡಿಸ್ಕ್) ಕೂಡ. ಎಷ್ಟೋ ಡಬ್ಬಿಗಳಲ್ಲಿ ಚಿಪ್‌ಗೆ ಮಾತ್ರ ಶಾಖ ಹೋಗುವ ದಾರಿ ಮಾಡಿ, ಡಿಸ್ಕ್ ಮೇಲೆ ಶಾಖ ದಾಟಿಸುವ ಒಂದು ಥರ್ಮಲ್ ಪ್ಯಾಡ್ ಕೂಡ ಹಾಕಿರುವುದಿಲ್ಲ. ದೊಡ್ಡ ಫೈಲ್ ಕಾಪಿ ಮಾಡುವಾಗ ಅದು ನಡುದಾರಿಯಲ್ಲಿ ಕುಂಟಲು ಶುರು ಮಾಡುತ್ತದೆ. ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟ ಮೇಲೆ ವೇಗ ಎಷ್ಟು ಉಳಿಯುತ್ತದೆ? ಇದನ್ನು ಬರೆದ ಪುಟ ನನಗಿನ್ನೂ ಸಿಕ್ಕಿಲ್ಲ.

ಅಷ್ಟಾದರೂ ಪೂರ್ತಿ ಮೌನ ಸಿಗುತ್ತದೆ ಎಂಬ ಭರವಸೆ ಇಲ್ಲ. ಕಾಯಿಲ್ ವೈನ್ ಅಂತ ಒಂದಿದೆ. ಬೋರ್ಡ್ ಮೇಲಿನ ಸುರುಳಿಗಳಲ್ಲಿ ಕರೆಂಟ್ ಏರಿಳಿದಾಗ ಅವು ನಡುಗುತ್ತವೆ. ಆಗ ಕೀಚಲು ಸದ್ದು ಬರುತ್ತದೆ. ಮೌಸ್‌ನಲ್ಲಿ ಪುಟ ಜಾರಿಸಿದರೆ ಅದೇ ತಾಳಕ್ಕೆ ಚಿರ್ ಎನ್ನುವ ಯಂತ್ರಗಳಿವೆ. ಗೋಡೆಗೆ ಚುಚ್ಚುವ ಅಡಾಪ್ಟರ್ ಕೂಡ ಹಾಗೆ ಮಾಡಬಹುದು. ಫ್ಯಾನ್ ಸದ್ದು ಇದ್ದಾಗ ಇದು ಮರೆಯಾಗಿರುತ್ತದೆ. ಫ್ಯಾನ್ ಇಲ್ಲದ ಯಂತ್ರದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ನನ್ನ ಕಿವಿಗೆ ಕೇಳಿದ್ದು ಇನ್ನೊಬ್ಬರಿಗೆ ಕೇಳದೆಯೂ ಇರಬಹುದು, ವಯಸ್ಸಾದಂತೆ ಕೀಚಲು ಸದ್ದು ಮೊದಲು ಮಾಯವಾಗುತ್ತದೆ. ಆದರೆ ಕೇಳುವವರಿಗೆ 'ನಿಮಗೆ ಭ್ರಮೆ' ಎಂದು ಹೇಳುವುದು ಅನ್ಯಾಯ.

ರಾಸ್ಪ್‌ಬೆರಿ ಪೈ (ಒಂದೇ ಬೋರ್ಡ್‌ನ ಪುಟ್ಟ ಕಂಪ್ಯೂಟರ್) ಹಾಕಿಕೊಳ್ಳಿ ಎನ್ನುವವರೂ ಇದ್ದಾರೆ. 2023ರಲ್ಲಿ ಬಂದ ಪೈ 5ಕ್ಕೆ ಅದನ್ನು ಮಾಡಿದವರೇ ಫ್ಯಾನ್ ಇರುವ ಕೂಲರ್ ಮಾರುತ್ತಾರೆ. ಯಾಕೆಂದರೆ ಪೂರ್ತಿ ಕೆಲಸ ಕೊಟ್ಟರೆ ಅದೂ 80 ಡಿಗ್ರಿ ದಾಟಿ ವೇಗ ಇಳಿಸುತ್ತದೆ. ಒಳ್ಳೆಯ ಯಂತ್ರವೇ, ಆದರೆ ನನ್ನ ಸಮಸ್ಯೆಗೆ ಅದು ಉತ್ತರ ಅಲ್ಲ.

ರಿವ್ಯೂ ಮಾಡುವವರ ಮೇಲೂ ನನಗೆ ಕೋಪ ಇದೆ. ಡಬ್ಬಿ ಬಿಚ್ಚುವುದಕ್ಕೆ ಐದು ನಿಮಿಷ. ಸ್ಕ್ರೂ ತೆಗೆಯುವುದಕ್ಕೆ ಮೂರು ನಿಮಿಷ. ಆಮೇಲೆ ಬೆಂಚ್‌ಮಾರ್ಕ್ ಪಟ್ಟಿಗಳ ಮೆರವಣಿಗೆ. ಇಷ್ಟೂ ಹೊತ್ತು ಹಿಂದೆ ಸಂಗೀತ ಹೊಡೆದುಕೊಳ್ಳುತ್ತಿರುತ್ತದೆ. ಕೊನೆಗೆ 'ಫ್ಯಾನ್ ಸದ್ದು ಅಷ್ಟೇನಿಲ್ಲ' ಎಂದು ಒಂದು ಮಾತು. ನಿಮ್ಮ ಸ್ಟುಡಿಯೊದಲ್ಲಿ ಎಸಿ ಓಡುತ್ತಿದೆ, ಪಕ್ಕದಲ್ಲಿ ದೊಡ್ಡ ಕಂಪ್ಯೂಟರ್ ಓಡುತ್ತಿದೆ. ಅಲ್ಲಿ ಕೇಳದ ಸದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಕೋಣೆಯಲ್ಲಿ ಕೇಳುತ್ತದೆ ಸ್ವಾಮಿ! ಕೆಲವರು ಫೋನ್ ಆ್ಯಪ್ ಇಟ್ಟು ಅಳೆಯುತ್ತಾರೆ. ಫೋನಿನ ಮೈಕ್‌ಗೆ ತನ್ನದೇ ಗುಜುಗುಜು ಇರುತ್ತದೆ. ಇಷ್ಟು ಮೆತ್ತಗಿನ ಸದ್ದನ್ನು ಅದರಲ್ಲಿ ನಂಬಿಕೆಯಿಂದ ಅಳೆಯಲು ಆಗುವುದಿಲ್ಲ. ಸಂಗೀತ ನಿಲ್ಲಿಸಿ, ಎಲ್ಲ ಆಫ್ ಮಾಡಿ, ಮೈಕ್ ಅನ್ನು ಅರ್ಧ ಮೀಟರ್ ದೂರದಲ್ಲಿಟ್ಟು, ಒಂದು ನಿಮಿಷ ಬಾಯಿ ಮುಚ್ಚಿ ಕೂತುಕೊಳ್ಳಿ. ಮೊದಲು ಅದೇ ಜಾಗದಲ್ಲಿ ಒಂದು ಮಾತಾಡಿ, ನಿಮ್ಮ ದನಿಯ ಪಕ್ಕ ಫ್ಯಾನ್ ಎಷ್ಟಿದೆ ಎಂದು ನಮಗೆ ತಿಳಿಯುತ್ತದೆ. ಅಷ್ಟು ಸಾಕು, ನಿಮ್ಮ ಎಲ್ಲ ಪಟ್ಟಿಗಳಿಗಿಂತ ನನಗೆ ಅದು ಮುಖ್ಯ.

ಕಂಪನಿಗಳಿಂದ ನಾನು ದೊಡ್ಡದೇನೂ ಕೇಳುತ್ತಿಲ್ಲ. ಸುಮ್ನೆ ಕೂತಾಗ ಎಷ್ಟು ಡೆಸಿಬೆಲ್, ಅರ್ಧ ಗಂಟೆ ಪೂರ್ತಿ ಕೆಲಸ ಕೊಟ್ಟ ಮೇಲೆ ಎಷ್ಟು, ಎರಡೂ ಅರ್ಧ ಮೀಟರ್ ದೂರದಿಂದ. ಪಿಎಲ್1 ಎಷ್ಟು ವ್ಯಾಟ್‌ಗೆ ಇಟ್ಟಿದ್ದೀರಿ. ಫ್ಯಾನ್ ವೇಗ ನಾವೇ ಬದಲಾಯಿಸಬಹುದಾ ಇಲ್ಲವಾ. ಪುಟದಲ್ಲಿ ಮೂರು ಸಾಲು ಹಿಡಿಯುತ್ತದೆ. ಇದನ್ನು ಬರೆದರೆ ಮಾರಾಟ ಕಡಿಮೆಯಾಗುತ್ತದೆ ಎಂಬ ಭಯ ಇದ್ದರೆ, ಆ ಯಂತ್ರವನ್ನು 'ಸೈಲೆಂಟ್' ಎಂದು ಮಾರಬೇಡಿ.

ನನ್ನ ಯಂತ್ರವನ್ನು ವಾಪಸ್ ಕೊಡಲು ಹೋದೆ. ಕಸ್ಟಮರ್ ಕೇರ್‌ನವರು 'ಇದು ನಾರ್ಮಲ್, ದೋಷ ಅಲ್ಲ' ಎಂದರು. ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ. ಫೋನ್ ರೆಕಾರ್ಡಿಂಗ್ ಒಪ್ಪುವುದಿಲ್ಲ, ಸರಿಯಾದ ಉಪಕರಣದಲ್ಲಿ ಅಳೆದ ದಾಖಲೆ ಬೇಕು ಎಂದರು. ಹಾಗಾದರೆ ನೀವು ಸೈಲೆಂಟ್ ಎಂದು ಬರೆಯುವ ಮೊದಲು ಸರಿಯಾದ ಉಪಕರಣದಲ್ಲಿ ಅಳೆದ ದಾಖಲೆ ಕಳಿಸಿ, ಅದರ ಜೊತೆ ಹೋಲಿಸಿ ನೋಡೋಣ ಎಂದು ಬರೆದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ವಾಪಸ್ ಮಾಡುವ ಗಡುವು ಮಾತ್ರ ಮುಗಿಯುತ್ತಾ ಬಂದಿದೆ.