ಮಕ್ಕಳೇ ನಕ್ಷೆ ಬರೆಯಲಿ

ಬೀಳಗಿ ತಾಲ್ಲೂಕಿನ ಶಿಕ್ಷಕಿಯೊಬ್ಬರು ಮಕ್ಕಳಿಂದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ತಮ್ಮ ಊರನ್ನು ಬರೆಸುತ್ತಿರುವುದನ್ನು ಲೇಖನವೊಂದರಲ್ಲಿ ಓದಿ ಮನಸ್ಸು ತುಂಬಿ ಬಂದಿತು. ಗೋಡೆಗೆ ಪರದೆ ಹಾಕಿ ವಿಡಿಯೋ ತೋರಿಸಿದರೆ ಅದೇ ಆಧುನಿಕ ಪಾಠ ಎಂದು ನಂಬಿರುವವರು ಆ ಲೇಖನ ಓದಲೇಬೇಕು. ನೋಡುತ್ತ ಕೂರುವುದಕ್ಕೂ ಕೈಯಾರೆ ಮಾಡುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ.

2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಈ ನಕ್ಷೆಯನ್ನು ವಿಕಿಪೀಡಿಯದಂತೆ ಯಾರು ಬೇಕಾದರೂ ತಿದ್ದಬಹುದು. ಸ್ಥಳಗಳ ಹೆಸರನ್ನು ಕನ್ನಡದಲ್ಲೂ ಸೇರಿಸಬಹುದು. ಆಲಮಟ್ಟಿ ಹಿನ್ನೀರಿಗೆ ಊರೂರುಗಳನ್ನೇ ಬಿಟ್ಟುಕೊಟ್ಟ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಇದರ ತೂಕವೇ ಬೇರೆ. ಪುನರ್ವಸತಿ ಕೇಂದ್ರದಲ್ಲಿ ಹಿಟ್ಟಿನ ಗಿರಣಿ, ದ್ಯಾಮವ್ವನ ಗುಡಿ, ಕುಡಿಯುವ ನೀರಿನ ಘಟಕ ಎಲ್ಲಿವೆ ಎಂಬುದನ್ನು ಅಲ್ಲೇ ಆಡಿ ಬೆಳೆದ ಮಗುವಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಾನೂ ಬಾಗಲಕೋಟೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ನೆಟ್‌ವರ್ಕ್ ಇಲ್ಲವೆಂದು ಹಿಂಜರಿಯುವ ಶಿಕ್ಷಕ ಬಂಧುಗಳೇ, ಮೊದಲು ನಕ್ಷೆ ಮುದ್ರಿಸಿದ ಹಾಳೆ ಕೊಟ್ಟು ಮಕ್ಕಳನ್ನು ಓಣಿ ಸುತ್ತಿಸಿ, ಪೆನ್ಸಿಲಿನಿಂದ ಗುರುತು ಹಾಕಿಸಿ. ಹಾಳೆಯನ್ನು ಅತ್ತಿತ್ತ ತಿರುಗಿಸಿ ಉತ್ತರ ದಿಕ್ಕು ಹುಡುಕುವಾಗಲೇ ಅವರು ಅರ್ಧ ಭೂಗೋಳ ಕಲಿತಿರುತ್ತಾರೆ. ಸಿಗ್ನಲ್ ಸಿಕ್ಕಾಗ ಆ ಗುರುತುಗಳನ್ನು ನಿಮ್ಮ ಖಾತೆಯಿಂದ ಅವರೆದುರೇ ಸೇರಿಸಿ. ಮನೆಯವರ ಹೆಸರು, ಫೋನ್ ನಂಬರ್ ಮಾತ್ರ ಬೇಡ. ಗೂಗಲ್ ನಕ್ಷೆಯಿಂದ ನಕಲು ಮಾಡಲೂ ಅನುಮತಿಯಿಲ್ಲ.